ಟೋಪಿ ಪಿನ್ನಿನಲ್ಲಿ ಕಾರು ರಿಪೇರಿ ಮಾಡಿದ ಬರ್ತಾ ಬೆಂಜ್

ಟೋಪಿ ಪಿನ್ ಅಂದ್ರೆ ಏನು ಅಂತ ಹೋದ ವರ್ಷದವರೆಗೂ ನನಗೆ ಗೊತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ಯುರೋಪಿನ ಹೆಂಗಸರು ದೊಡ್ಡ ದೊಡ್ಡ ಟೋಪಿ ಹಾಕ್ಕೊಳ್ತಿದ್ರು. ಅದು ಗಾಳಿಗೆ ಹಾರದ ಹಾಗೆ ಕೂದಲಿಗೆ ಸೇರಿಸಿ ಚುಚ್ಚಿಕೊಳ್ಳೋ ಉದ್ದನೆಯ ಉಕ್ಕಿನ ಸೂಜಿಯೇ ಟೋಪಿ ಪಿನ್. ಇದು ನನಗೆ ಗೊತ್ತಾಗಿದ್ದು ನಮ್ಮ ತಾತನ ಹಳೇ ಕಾರಿನಿಂದ.

ಆ ಕಾರು ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು. ರಜೆಯಲ್ಲಿ ನಾನೂ ಮಾವನೂ ಸೇರಿ ಸ್ಟಾರ್ಟ್ ಮಾಡಿದ್ವಿ. ಐಡ್ಲಿಂಗ್ ಚೆನ್ನಾಗಿತ್ತು, ಊರೊಳಗೆ ಓಡಾಡೋದಕ್ಕೂ ತೊಂದರೆ ಇರಲಿಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಕೆಮ್ಮಿ ಕೆಮ್ಮಿ ನಿಂತುಹೋಯ್ತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತೆ, ಎರಡು ತಿರುವು ದಾಟಿದ ಮೇಲೆ ಮತ್ತೆ ಅದೇ ಕಥೆ. ನಾನು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡ್ತಾ ಕೂತಿದ್ದೆ. ಮಾವ ಪೆಟ್ರೋಲ್ ಟ್ಯಾಂಕಿನ ಕಡೆ ಬೆರಳು ತೋರಿಸಿದ್ರು.

ಹಳೇ ಕಾರುಗಳ ಟ್ಯಾಂಕಿನೊಳಗೆ ಪೆಟ್ರೋಲ್ ಹೀರೋ ಪೈಪಿನ ತುದಿಗೆ ಹಿತ್ತಾಳೆ ತಂತಿಯ ಒಂದು ಸಣ್ಣ ಜಾಲರಿ ಇರುತ್ತೆ. ಅದೇ ಸ್ಟ್ರೈನರ್. ನಮ್ಮ ಅಡುಗೆಮನೆಯ ಟೀ ಸೋಸೋ ಜರಡಿಯ ತಮ್ಮ ಅನ್ಕೊಳ್ಳಿ. ಗಾಡಿ ಬಹಳ ದಿನ ನಿಂತರೆ ಟ್ಯಾಂಕಿನ ಖಾಲಿ ಭಾಗದಲ್ಲಿ ತೇವ ಕೂತು ಒಳಗೆ ತುಕ್ಕು ಹಿಡಿಯುತ್ತೆ. ತುಕ್ಕಿನ ಪುಡಿ ಬಂದು ಜಾಲರಿಗೆ ಅಂಟುತ್ತೆ. ಐಡ್ಲಿಂಗಿಗೆ ಬೇಕಾದ ಸ್ವಲ್ಪ ಪೆಟ್ರೋಲ್ ಹೇಗೋ ನುಸುಳುತ್ತೆ, ಆದರೆ ಏರು ಹತ್ತೋದಕ್ಕೆ ಬೇಕಾದಷ್ಟು ಬರಲ್ಲ. ಎಂಜಿನ್ ನಿಂತ ಮೇಲೆ ಪೈಪಿನಲ್ಲಿ ಹೀರುವ ಸೆಳೆತ ಇರಲ್ಲ, ಕಸ ಜಾಲರಿ ಬಿಟ್ಟು ಕೆಳಗೆ ಬೀಳುತ್ತೆ. ಹತ್ತು ನಿಮಿಷ ಬಿಟ್ಟರೆ ಸರಿಹೋಗೋ ಮಾಯೆ ಇಷ್ಟೇ! ಇದನ್ನ ಹೇಳ್ತಾ ಹೇಳ್ತಾ ಮಾವ ಕಾರು ಹುಟ್ಟಿದ ಕಾಲದಿಂದಲೂ ಇದೇ ಕಾಯಿಲೆ ಇದೆ ಕಣೋ, ಅದಕ್ಕೆ ಮೊದಲು ಔಷಧಿ ಕೊಟ್ಟಿದ್ದು ಒಬ್ಬ ಹೆಂಗಸು ಅಂದ್ರು. ಆ ಹೆಂಗಸು ಬರ್ತಾ ಬೆಂಜ್.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಈಗಿನ ದಕ್ಷಿಣ ಜರ್ಮನಿಯ ಫೋರ್ಟ್ಸ್‌ಹೈಮ್ ಊರಿನಲ್ಲಿ. ತಂದೆ ಕಾರ್ಲ್ ಫ್ರೀಡ್ರಿಕ್ ರಿಂಗರ್ ಮರಗೆಲಸದ ಮೇಸ್ತ್ರಿ, ಮನೆ ಕಟ್ಟಿಸೋ ಕೆಲಸದಲ್ಲಿ ಚೆನ್ನಾಗಿ ಸಂಪಾದಿಸಿದ್ದವರು. ಈಕೆ ಹುಟ್ಟಿದಾಗ ಮತ್ತೂ ಹೆಣ್ಣೇ ಆಯ್ತಲ್ಲ ಅನ್ನೋ ಅರ್ಥದ ಬೇಸರದ ಮಾತೊಂದನ್ನ ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟಿದ್ದರಂತೆ, ಅದು ಮುಂದೊಂದು ದಿನ ಬರ್ತಾಳ ಕಣ್ಣಿಗೆ ಬಿತ್ತಂತೆ. ಈ ಕಥೆ ನಮ್ಮ ಕಡೆಯ ಮನೆಗಳಲ್ಲೂ ಹೊಸದೇನಲ್ಲ ಬಿಡಿ. ಆಕೆ ಹುಡುಗಿಯರ ಶಾಲೆಗೆ ಹೋದಳು, ಅಲ್ಲಿಗೆ ಓದು ಮುಗಿಯಿತು. ಆ ಸೀಮೆಗೆ ಬಾಡೆನ್ ಅಂತ ಹೆಸರು. ಜರ್ಮನಿಯಲ್ಲಿ ಹುಡುಗಿಯರಿಗೆ ಯೂನಿವರ್ಸಿಟಿಯ ಬಾಗಿಲು ಪೂರ್ತಿ ತೆರೆದ ಮೊದಲ ರಾಜ್ಯ ಅದೇ. ಆದ್ರೆ ತೆರೆದದ್ದು 1900ರಲ್ಲಿ! ಅಷ್ಟೊತ್ತಿಗೆ ಬರ್ತಾಗೆ ಐವತ್ತು ವರ್ಷ ದಾಟಿತ್ತು.

1869ರಲ್ಲಿ ಒಂದು ಪ್ರವಾಸದಲ್ಲಿ ಕಾರ್ಲ್ ಬೆಂಜ್ ಪರಿಚಯವಾದ. ಕಾರ್ಲ್ಸ್‌ರೂಹೆಯಲ್ಲಿ ಇಂಜಿನಿಯರಿಂಗ್ ಓದಿದವನು, ಕುದುರೆ ಇಲ್ಲದ ಗಾಡಿಯ ಕನಸು ಕಾಣ್ತಿದ್ದವನು, ಕೈಯಲ್ಲಿ ಕಾಸಿಲ್ಲದವನು. 1871ರಲ್ಲಿ ಆಗಸ್ಟ್ ರಿಟ್ಟರ್ ಅನ್ನೋನ ಜೊತೆ ಪಾಲುದಾರಿಕೆಯಲ್ಲಿ ಮಾನ್‌ಹೈಮ್‌ನಲ್ಲಿ ವರ್ಕ್‌ಶಾಪ್ ತೆರೆದ. ಆ ಪಾಲುದಾರ ನಂಬಿಕೆಗೆ ತಕ್ಕ ಮನುಷ್ಯ ಆಗಿರಲಿಲ್ಲ, ವರ್ಕ್‌ಶಾಪ್ ಮುಳುಗೋ ಹಂತಕ್ಕೆ ಬಂತು. ಆಗ ಬರ್ತಾ ತನ್ನ ವರದಕ್ಷಿಣೆ ಹಣವನ್ನ ಮದುವೆಗೆ ಮೊದಲೇ ಅಪ್ಪನಿಂದ ಕೇಳಿ ತಗೊಂಡು, ರಿಟ್ಟರನ ಪಾಲನ್ನ ಕೊಂಡುಕೊಳ್ಳೋದಕ್ಕೆ ಕೊಟ್ಟಳು. ಸ್ಟಾರ್ಟಪ್ ಭಾಷೆಯಲ್ಲಿ ಹೇಳೋದಾದ್ರೆ ಆ ಕಂಪನಿಯ ಮೊದಲ ಇನ್ವೆಸ್ಟರ್ ಈಕೆಯೇ. 1872ರ ಜುಲೈ 20ರಂದು ಮದುವೆ ಆಯ್ತು. ಮದುವೆಯಾದ ಹೆಂಗಸಿಗೆ ತನ್ನ ಹಣದ ಮೇಲೆ ಸ್ವಂತ ಅಧಿಕಾರ ಆಗಿನ ಕಾನೂನಿನಲ್ಲಿ ಇರಲಿಲ್ಲ. ಇನ್ವೆಸ್ಟರ್ ಆಗಿದ್ದವಳು ಚರ್ಚಿನಿಂದ ಹೊರಗೆ ಬರುವಾಗ ಬರೀ ಹೆಂಡತಿ.

ಮುಂದಿನ ಹದಿನಾಲ್ಕು ವರ್ಷ ಸಾಲ, ಮಕ್ಕಳು, ಓಡದ ಎಂಜಿನ್‌ಗಳು. 1879ರ ಕೊನೆಯ ರಾತ್ರಿ, ಹೊಸ ವರ್ಷ ಬರೋ ಹೊತ್ತಿಗೆ, ಕಾರ್ಲ್‌ನ ಟೂ ಸ್ಟ್ರೋಕ್ ಎಂಜಿನ್ ಕೊನೆಗೂ ನಿಲ್ಲದೆ ಓಡಿತು. ಊಟ ಆದ ಮೇಲೆ ಇನ್ನೊಂದು ಸಲ ಪ್ರಯತ್ನ ಮಾಡೋಣ ಅಂತ ವರ್ಕ್‌ಶಾಪಿಗೆ ಹೊರಡಿಸಿದ್ದು ಬರ್ತಾ. 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ರು, ನಂಬರ್ 37435. ಅದರಲ್ಲಿ ಬರ್ತಾಳ ಹೆಸರು ಇರಲಿಲ್ಲ. ಎಂಜಿನ್ 954 ಸಿಸಿ, ಒಂದೇ ಸಿಲಿಂಡರ್, ನಿಮಿಷಕ್ಕೆ 400 ಸುತ್ತು, ಪವರ್ ಒಂದು ಹಾರ್ಸ್‌ಪವರ್ ಕೂಡ ಇಲ್ಲ. ನಮ್ಮ ಹಾಸ್ಟೆಲ್ ಮುಂದೆ ನಿಂತಿರೋ ಸ್ಕೂಟರುಗಳು ನಗಬಹುದು. ಆದ್ರೆ ಆ ಸ್ಕೂಟರುಗಳ ಅಜ್ಜ ಅದೇ.

ಗಾಡಿ ತಯಾರಾಯ್ತು, ಕೊಳ್ಳೋರು ಮಾತ್ರ ಬರಲಿಲ್ಲ. ಕಾರ್ಲ್ ಒಳ್ಳೆ ಇಂಜಿನಿಯರ್, ಆದ್ರೆ ಮಾರೋದು ಬರದ ಮನುಷ್ಯ. ಇನ್ನೊಂದು ಸ್ವಲ್ಪ ಸರಿಮಾಡ್ತೀನಿ ಅಂತ ಬಿಚ್ಚೋದು, ಜೋಡಿಸೋದು. ಪ್ರಾಜೆಕ್ಟ್ ಡೆಮೋ ದಿನವೂ ಕೋಡ್ ಬದಲಾಯಿಸ್ತಾ ಕೂರೋ ಫ್ರೆಂಡ್ ಒಬ್ಬ ಪ್ರತಿ ಟೀಮಿನಲ್ಲೂ ಇರ್ತಾನಲ್ಲ, ಹಾಗೆ. ಗಾಡಿಯನ್ನ ಊರು ಬಿಟ್ಟು ಹೊರಗೆ ಓಡಿಸಿ ತೋರಿಸೋ ಧೈರ್ಯ ಅವನು ಮಾಡಲಿಲ್ಲ.

1888ರ ಆಗಸ್ಟಿನ ಒಂದು ಬೆಳಗಿನ ಜಾವ, ಕಾರ್ಲ್ ಮಲಗಿದ್ದಾಗ, ಬರ್ತಾ ಇಬ್ಬರು ಗಂಡುಮಕ್ಕಳನ್ನ ಕರ್ಕೊಂಡು ಗಾಡಿ ಹೊರಗೆ ತೆಗೆದಳು. ಆಕೆಗೆ 39 ವರ್ಷ. ಯೂಜೆನ್‌ಗೆ 15, ರಿಚರ್ಡ್‌ಗೆ 13. ಅಮ್ಮನ ಮನೆಗೆ ಹೋಗ್ತಿದ್ದೀವಿ ಅಂತ ಒಂದು ಚೀಟಿ ಬರೆದಿಟ್ಟಿದ್ದಳಂತೆ. ಹೇಗೆ ಹೋಗ್ತಿದ್ದೀವಿ ಅಂತ ಮಾತ್ರ ಬರೆದಿರಲಿಲ್ಲ! ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಆಕೆ ಹಿಡಿದ ದಾರಿ ಸುಮಾರು 104 ಕಿಲೋಮೀಟರ್. ಅಲ್ಲಿಯವರೆಗೆ ಯಾರೂ ಕಾರನ್ನ ಅಷ್ಟು ದೂರ ಓಡಿಸಿರಲಿಲ್ಲ. ಪೆಟ್ರೋಲ್ ಬಂಕ್ ಅನ್ನೋ ಪದವೇ ಹುಟ್ಟಿರಲಿಲ್ಲ.

ಗಾಡಿ ಓಡ್ತಾ ಇದ್ದದ್ದು ಲಿಗ್ರೋಯಿನ್ ಅನ್ನೋ ದ್ರವದಲ್ಲಿ. ಪೆಟ್ರೋಲಿನ ಜಾತಿಯದೇ, ಬಹಳ ಹಗುರ, ಬೇಗ ಆವಿಯಾಗುತ್ತೆ. ಬಟ್ಟೆಯ ಕಲೆ ತೆಗೆಯೋದಕ್ಕೆ ಅಂತ ಔಷಧಿ ಅಂಗಡಿಯಲ್ಲಿ ಸಣ್ಣ ಬಾಟಲಿಗಳಲ್ಲಿ ಮಾರ್ತಿದ್ರು. ಬೇರೆ ಟ್ಯಾಂಕ್ ಅಂತ ಇರಲಿಲ್ಲ, ಕಾರ್ಬುರೇಟರಿನಲ್ಲೇ ಸುಮಾರು ನಾಲ್ಕೂವರೆ ಲೀಟರ್ ಹಿಡಿಯೋದು. ಆ ಕಾರ್ಬುರೇಟರ್ ಕೂಡ ನಾವು ಲ್ಯಾಬಿನಲ್ಲಿ ಬಿಚ್ಚೋ ಥರದ್ದಲ್ಲ. ಜೆಟ್ ಇಲ್ಲ, ವೆಂಚುರಿ ಇಲ್ಲ. ದ್ರವದ ಮೇಲೆ ಗಾಳಿ ಹಾಯಿಸಿ ಅದರ ಆವಿಯನ್ನ ಎಂಜಿನ್‌ಗೆ ಎಳೆದುಕೊಳ್ಳೋದು. ವೀಸ್‌ಲೋಹ್ ಊರಿಗೆ ಬರೋ ಹೊತ್ತಿಗೆ ಇಂಧನ ಮುಗೀತಾ ಬಂದಿತ್ತು. ಬರ್ತಾ ಅಲ್ಲಿನ ಔಷಧಿ ಅಂಗಡಿಗೆ ಹೋಗಿ ಲಿಗ್ರೋಯಿನ್ ಕೊಂಡಳು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತ ಇವತ್ತಿಗೂ ಆ ಅಂಗಡಿಗೆ ಹೆಸರು.

ಇನ್ನು ಆ ಟೋಪಿ ಪಿನ್. ದಾರಿಯಲ್ಲಿ ಒಂದು ಕಡೆ ಇಂಧನದ ಪೈಪು ಕಟ್ಟಿಕೊಂಡು ಎಂಜಿನ್ ನಿಂತಿತು. ಬರ್ತಾ ಟೋಪಿಯಿಂದ ಪಿನ್ ಕಿತ್ತು, ಪೈಪಿನೊಳಗೆ ಚುಚ್ಚಿ ಕಸ ತೆಗೆದಳು. ಎಲ್ಲಾ ಕಡೆ ಇದನ್ನ ಒಂದು ತಮಾಷೆಯ ಘಟನೆ ಥರ ಒಂದೇ ಸಾಲಿನಲ್ಲಿ ಬರೀತಾರೆ. ನನಗೆ ಅದರ ಮೇಲೆ ಸ್ವಲ್ಪ ಸಿಟ್ಟಿದೆ. ಎಂಜಿನ್ ನಿಲ್ಲೋದಕ್ಕೆ ಕಾರಣ ಇಂಧನ ಇರಬಹುದು, ಕಿಡಿ ಇರಬಹುದು, ಗಾಳಿ ಇರಬಹುದು. ಮೂರರಲ್ಲಿ ಯಾವುದು ಅಂತ ಗೊತ್ತಾಗದೆ ಪಿನ್ ಎಲ್ಲಿ ಚುಚ್ಚೋದು? ಮ್ಯಾನುಯಲ್ ಇಲ್ಲ, ಮೆಕ್ಯಾನಿಕ್ ಇಲ್ಲ, ಯೂಟ್ಯೂಬ್ ಇಲ್ಲ. ಮೆಕ್ಯಾನಿಕಲ್ ಓದ್ತಿರೋ ನಾನು ಚಾರ್ಮಾಡಿಯಲ್ಲಿ ಚೆನ್ನಾಗೇ ಇದ್ದ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟುಕೊಂಡು ಕೂತಿದ್ದೆ ಅನ್ನೋದನ್ನ ಮರೀಬೇಡಿ.

ಅವತ್ತು ಕಿಡಿಯ ಸಮಸ್ಯೆಯೂ ಬಂತು. ಇಗ್ನಿಷನ್ ವೈರಿನ ಇನ್ಸುಲೇಷನ್ ಸವೆದುಹೋಗಿತ್ತು. ಕಾಲುಚೀಲ ಜಾರದ ಹಾಗೆ ಕಟ್ಟೋ ಪಟ್ಟಿಯನ್ನ ಬಿಚ್ಚಿ ವೈರಿಗೆ ಸುತ್ತಿದಳು. ಬ್ರುಕ್ಸಾಲ್‌ನಲ್ಲಿ ಒಬ್ಬ ಕಮ್ಮಾರ ಚೈನ್ ಸರಿಮಾಡಿಕೊಟ್ಟ. ಎಂಜಿನ್ ತಣ್ಣಗಿಡೋ ನೀರು ಆವಿಯಾಗಿ ಹೋಗ್ತಿದ್ದರಿಂದ ದಾರಿಯುದ್ದಕ್ಕೂ ಹೋಟೆಲು, ತೊರೆ ಅಂತ ನಿಲ್ಲಿಸಿ ನೀರು ತುಂಬಿಸಬೇಕಿತ್ತು. ಏರು ಬಂದಾಗ ತಳ್ಳೋ ಕೆಲಸ ಹುಡುಗರದ್ದು. ಇಳಿಜಾರಿನಲ್ಲಿ ಮರದ ಬ್ರೇಕ್ ಕಟ್ಟೆಗಳು ಸವೆದಾಗ ಬೌಶ್ಲಾಟ್ ಹಳ್ಳಿಯ ಚಮ್ಮಾರನ ಹತ್ತಿರ ಹೋಗಿ ಅವಕ್ಕೆ ಚರ್ಮ ಹೊಡೆಸಿದಳು. ನಾವು ಈಗ ಬ್ರೇಕ್ ಲೈನಿಂಗ್ ಅಂತೀವಲ್ಲ, ಅದರ ಮೂಲ ಇಲ್ಲೇ ಇದೆ ಅಂತಾರೆ.

ಕತ್ತಲಾಗೋ ಹೊತ್ತಿಗೆ ಫೋರ್ಟ್ಸ್‌ಹೈಮ್ ಮುಟ್ಟಿ ಗಂಡನಿಗೆ ಟೆಲಿಗ್ರಾಂ ಕಳಿಸಿದಳು. ಕೆಲವು ದಿನ ಬಿಟ್ಟು ಅದೇ ಗಾಡಿಯಲ್ಲಿ ವಾಪಸ್ ಬಂದಳು. ಬಂದ ಮೇಲೆ ಕಾರ್ಲ್‌ಗೆ ಕೊಟ್ಟ ರಿಪೋರ್ಟ್ ಮುಖ್ಯ. ಏರಿಗೆ ಇನ್ನೊಂದು ಗೇರ್ ಬೇಕು, ಬ್ರೇಕ್ ಗಟ್ಟಿಯಾಗಬೇಕು. ಎರಡೂ ಆದವು. ಅದೇ ವರ್ಷ ಮ್ಯೂನಿಕ್ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು, ಆಮೇಲೆ ನಿಧಾನಕ್ಕೆ ಗಿರಾಕಿಗಳೂ ಬಂದ್ರು. ಕಂಪನಿ 1899ರಲ್ಲಿ 572 ಕಾರು ತಯಾರಿಸಿತು. ಆ ಕಾಲಕ್ಕೆ ಅದು ಜಗತ್ತಿನಲ್ಲೇ ದೊಡ್ಡ ಕಾರು ಕಂಪನಿ.

ನಡುವೆ ಒಂದು ಮಾತು. ಪಿನ್ ಚುಚ್ಚೋದು ದಾರಿಯಲ್ಲಿ ಮಾಡೋ ತುರ್ತು ಚಿಕಿತ್ಸೆ, ನಿಮ್ಮ ಮನೆಯ ಹಳೇ ಕಾರಿಗೆ ಅದನ್ನೇ ಕಾಯಂ ಮಾಡ್ಬೇಡಿ. ಚೂಪಾದ್ದು ತಾಗಿದ್ರೆ ಸ್ಟ್ರೈನರಿನ ಜಾಲರಿ ಹರಿಯುತ್ತೆ, ಹರಿದ ಜಾಲರಿ ಇದ್ದೂ ಇಲ್ಲದ ಹಾಗೆ. ನಾವು ಮಾಡಿದ್ದು ಹೀಗೆ: ಬಯಲಲ್ಲಿ ಗಾಡಿ ನಿಲ್ಲಿಸಿ, ಬ್ಯಾಟರಿ ಕಳಚಿ, ಹತ್ತಿರ ಬೆಂಕಿ ಸುಳಿಯದ ಹಾಗೆ ನೋಡ್ಕೊಂಡು, ಟ್ಯಾಂಕ್ ಪೂರ್ತಿ ಬಸಿದ್ವಿ. ಸ್ಟ್ರೈನರ್ ಬಿಚ್ಚಿ ಪೆಟ್ರೋಲಿನಲ್ಲೇ ಮೆತ್ತನೆ ಬ್ರಷ್ಷಿನಿಂದ ತೊಳೆದು, ಒಳಗಿನಿಂದ ಹೊರಕ್ಕೆ ಗಾಳಿ ಊದಿಸಿದ್ವಿ. ಹಳೇ ವಾಷರ್ ಬಿಸಾಕಿ ಹೊಸದು ಹಾಕಿದ್ವಿ. ಟ್ಯಾಂಕಿನೊಳಗಿನ ತುಕ್ಕು ತೆಗೆಯದೆ ಬರೀ ಸ್ಟ್ರೈನರ್ ತೊಳೆದ್ರೆ ತಿಂಗಳೊಳಗೆ ಮತ್ತೆ ಅದೇ ಕಥೆ. ಇದನ್ನ ನಾವು ಎರಡನೇ ಸಲ ಬಿಚ್ಚಿದಾಗ ಕಲಿತ್ವಿ.

ಬರ್ತಾಳ ಉಳಿದ ಬದುಕು ಉದ್ದ, ಆದ್ರೆ ಹೇಳೋದಕ್ಕೆ ಕಡಿಮೆ. ಕಾರ್ಲ್ 1903ರಲ್ಲಿ ಕಂಪನಿಯ ಆಡಳಿತದಿಂದ ಹೊರಬಂದ. ಕುಟುಂಬ ಲಾಡೆನ್‌ಬುರ್ಗ್ ಅನ್ನೋ ಸಣ್ಣ ಊರಿಗೆ ಹೋಗಿ 1906ರಲ್ಲಿ ಮಕ್ಕಳ ಹೆಸರಿನಲ್ಲಿ ಇನ್ನೊಂದು ಕಾರ್ಖಾನೆ ಶುರುಮಾಡಿತು. ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ 1914ರಲ್ಲಿ ಕಾರ್ಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1926ರಲ್ಲಿ ಬೆಂಜ್ ಕಂಪನಿ ಡೈಮ್ಲರ್ ಜೊತೆ ಸೇರಿತು, 1929ರಲ್ಲಿ ಕಾರ್ಲ್ ತೀರಿಕೊಂಡ. ಬರ್ತಾ ಎರಡನೇ ಮಹಾಯುದ್ಧದ ನಡುವಿನವರೆಗೂ ಬದುಕಿದ್ದಳು. 1944ರ ಮೇ 3ರಂದು, ಆಕೆಗೆ 95 ತುಂಬಿದ ದಿನ, ಅದೇ ಕಾರ್ಲ್ಸ್‌ರೂಹೆ ಆಕೆಯನ್ನ ಗೌರವ ಸೆನೆಟರ್ ಮಾಡಿತು. ಗಂಡನಿಗೆ ಕೊಟ್ಟು ಮೂವತ್ತು ವರ್ಷ ಆದ ಮೇಲೆ. ಎರಡು ದಿನ ಬಿಟ್ಟು, ಮೇ 5ರಂದು, ಲಾಡೆನ್‌ಬುರ್ಗ್‌ನ ಮನೆಯಲ್ಲಿ ತೀರಿಕೊಂಡಳು.

ಆಕೆ ಹೋದ ದಾರಿಗೆ 2008ರಲ್ಲಿ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಅಂತ ಹೆಸರಿಟ್ಟು ಬೋರ್ಡ್ ಹಾಕಿದ್ದಾರೆ. ನಮ್ಮ ತಾತನ ಕಾರಿಗೆ ಹೊಸ ಸ್ಟ್ರೈನರ್ ಇನ್ನೂ ಸಿಕ್ಕಿಲ್ಲ, ತೊಳೆದ ಹಳೇದೇ ನಡೀತಿದೆ. ಮುಂದಿನ ರಜೆಯಲ್ಲಿ ಮತ್ತೆ ಘಾಟಿ ಹತ್ತಿಸಿ ನೋಡ್ಬೇಕು. ಡ್ಯಾಶ್‌ಬೋರ್ಡಿನಲ್ಲಿ ಈಗ ಅಜ್ಜಿಯ ಒಂದು ಹೇರ್‌ಪಿನ್ ಇಟ್ಟಿದ್ದೀನಿ.