ತ್ಯಾಗವೀರ ಸಿರಸಂಗಿ ಲಿಂಗರಾಜರು

ಧನವನ್ನು ಗಳಿಸುವವರು ಲೋಕದಲ್ಲಿ ಅನೇಕರುಂಟು. ಅದಕ್ಕೆ ತಕ್ಕ ವಾರಸುದಾರನನ್ನು ವಿವೇಕದಿಂದ ಆರಿಸುವವರು ವಿರಳರು. ಪ್ರಾತಃಸ್ಮರಣೀಯರಾದ ಲಿಂಗರಾಜ ದೇಸಾಯಿಯವರು ಅಂಥವರಲ್ಲಿ ಅಗ್ರಗಣ್ಯರು.

ಇವರು 1861ನೆಯ ಇಸವಿಯಲ್ಲಿ ಶಿಗ್ಲಿ ಗ್ರಾಮದಲ್ಲಿ ಜನಿಸಿ, ಬಾಲ್ಯದಲ್ಲಿಯೇ ಸಿರಸಂಗಿಯ ದೇಸಗತಿಗೆ ದತ್ತಕರಾಗಿ ಬಂದರು. ಮುಂದೆ 1904ರಲ್ಲಿ ಧಾರವಾಡದಲ್ಲಿ ನೆರೆದ ವೀರಶೈವ ಮಹಾಸಭೆಯ ಪ್ರಥಮಾಧಿವೇಶನಕ್ಕೆ ಅಧ್ಯಕ್ಷರಾದರು. ಸಕಲ ವೈಭವವಿದ್ದರೂ ಇವರಿಗೆ ಸಂತಾನಭಾಗ್ಯವಿರಲಿಲ್ಲ. ದತ್ತಕನೊಬ್ಬನನ್ನು ತಂದು ದೇಸಗತಿಯನ್ನು ಒಪ್ಪಿಸುವುದು ಅಂದಿನ ಮನೆತನಗಳ ರೂಢಿ. ತಾವೂ ಆ ದಾರಿಯಿಂದಲೇ ಬಂದವರು. ಆದರೂ ಲಿಂಗರಾಜರು ಆ ರೂಢಿಯನ್ನು ಬಿಟ್ಟು, ಓದಲು ಅನುಕೂಲವಿಲ್ಲದ ಸಮಾಜದ ಬಡಮಕ್ಕಳನ್ನೇ ತಮ್ಮ ಮಕ್ಕಳೆಂದು ಭಾವಿಸಿದರು. ತಮ್ಮ ಆಸ್ತಿಯನ್ನು ಅವರ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟು ಮೃತ್ಯುಪತ್ರವನ್ನು ಬರೆದು, 1906ರಲ್ಲಿ ಲಿಂಗೈಕ್ಯರಾದರು.

ದತ್ತಕನು ಬಂದಿದ್ದರೆ ಒಂದು ಮನೆಯ ದೀಪವು ಉರಿಯುತ್ತಿತ್ತು. ಈ ಪತ್ರದಿಂದ ಅಸಂಖ್ಯ ಮನೆಗಳಲ್ಲಿ ಜ್ಞಾನದೀಪವು ಬೆಳಗಿತು. ಬೆಳಗಾವಿಯಲ್ಲಿ 1933ರಲ್ಲಿ ಸ್ಥಾಪಿತವಾದ ಲಿಂಗರಾಜ ಮಹಾವಿದ್ಯಾಲಯವು ಇವರ ನಾಮವನ್ನೇ ಧರಿಸಿದೆ.

ಹೊಲ, ಮನೆ, ಅಂಗಡಿಗಳ ಒಡೆಯರಾದ ಸದ್ಭಕ್ತರು ಇದನ್ನು ಮನಗಾಣಬೇಕು. ಒಡೆತನವು ಕೈಬದಲಾಗುವುದು ನಿಶ್ಚಿತ. ಪರರ ನೋವನ್ನರಿತು ಕೈಬದಲಿಸಿದವನ ಹೆಸರು ಮಾತ್ರ ಉಳಿಯುವುದು.