ಲಿಲಿ ಪಾರ್

ಲಿಲಿ ಪಾರ್ (26 ಏಪ್ರಿಲ್ 1905 – 24 ಮೇ 1978) ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ್ತಿ. ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಲೇಡೀಸ್ ತಂಡದ ಎಡಪಾರ್ಶ್ವದಲ್ಲಿ ಸುಮಾರು ಮೂರು ದಶಕಗಳ ಕಾಲ ಆಡಿದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ಮಹಿಳೆಯರ ಪಂದ್ಯಗಳಿಗೆ ತನ್ನ ಮೈದಾನಗಳನ್ನು ಮುಚ್ಚಿದಾಗ ಅವರಿಗೆ ಕೇವಲ 16 ವರ್ಷ. ಅವರ ಕ್ರೀಡಾಜೀವನದ ಬಹುಭಾಗವು ಈ ನಿಷೇಧದ ಅಡಿಯಲ್ಲಿಯೇ ಸಾಗಿತು.

ಆರಂಭಿಕ ಜೀವನ

ಲಿಲಿಯವರು ಲ್ಯಾಂಕಾಷೈರ್ ಪ್ರಾಂತದ ಸೇಂಟ್ ಹೆಲೆನ್ಸ್ ಪಟ್ಟಣದಲ್ಲಿ ಜನಿಸಿದರು. ತಂದೆ ಜಾರ್ಜ್ ಪಾರ್ ಗಾಜಿನ ಕಾರ್ಖಾನೆಯಲ್ಲಿ ಕೂಲಿಕಾರ್ಮಿಕರಾಗಿದ್ದರು. ಏಳು ಮಕ್ಕಳಿದ್ದ ಆ ಬಡ ಕುಟುಂಬದಲ್ಲಿ ಲಿಲಿ ನಾಲ್ಕನೆಯವರು. ಹೊಲಿಗೆ, ಅಡುಗೆಗಿಂತ ಅಣ್ಣಂದಿರೊಡನೆ ಬಯಲಿನಲ್ಲಿ ಫುಟ್‌ಬಾಲ್ ಮತ್ತು ರಗ್ಬಿ ಆಡುವುದೇ ಅವರಿಗೆ ಪ್ರಿಯವಾಗಿತ್ತು. ಎತ್ತರದ, ಗಟ್ಟಿಮುಟ್ಟಾದ ಮೈಕಟ್ಟಿನ ಈ ಬಾಲಕಿ ಹದಿನಾಲ್ಕರ ಹೊತ್ತಿಗೆ ಊರಿನ ಮಹಿಳಾ ತಂಡವನ್ನು ಸೇರಿದ್ದರು.

ಡಿಕ್, ಕೆರ್ ಲೇಡೀಸ್

ಡಿಕ್, ಕೆರ್ ಎಂಬುದು ಟ್ರಾಮ್ ಬಂಡಿ ಮತ್ತು ರೈಲು ಎಂಜಿನ್‌ಗಳನ್ನು ತಯಾರಿಸುತ್ತಿದ್ದ ಕಂಪನಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಮದ್ದುಗುಂಡುಗಳ ತಯಾರಿಕೆ ಆರಂಭವಾಯಿತು. ಗಂಡಸರು ರಣರಂಗಕ್ಕೆ ಹೋದುದರಿಂದ ಕಾರ್ಖಾನೆಯ ಕೆಲಸಕ್ಕೆ ಬಂದ ಮಹಿಳೆಯರು ಊಟದ ಬಿಡುವಿನಲ್ಲಿ ಅಂಗಳದಲ್ಲಿ ಚೆಂಡಾಡುತ್ತಿದ್ದರು. 1917ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಗಾಗಿ ಅವರು ಆಡಿದ ಪಂದ್ಯಕ್ಕೆ ಸುಮಾರು 10,000 ಜನ ಸೇರಿದರು. ಕಚೇರಿಯ ಗುಮಾಸ್ತರಾಗಿದ್ದ ಆಲ್ಫ್ರೆಡ್ ಫ್ರಾಂಕ್ಲೆಂಡ್ ತಂಡದ ವ್ಯವಸ್ಥಾಪಕರಾದರು.

ಸೇಂಟ್ ಹೆಲೆನ್ಸ್ ತಂಡದಲ್ಲಿ ಲಿಲಿಯವರ ಆಟವನ್ನು ಕಂಡ ಫ್ರಾಂಕ್ಲೆಂಡ್ ಅವರನ್ನು ಪ್ರೆಸ್ಟನ್‌ಗೆ ಕರೆಸಿಕೊಂಡರು. ಕಾರ್ಖಾನೆಯಲ್ಲಿ ನೌಕರಿ, ಜೊತೆಗೆ ಪ್ರತಿ ಪಂದ್ಯಕ್ಕೆ ಹತ್ತು ಶಿಲ್ಲಿಂಗ್, ಅಂದರೆ ಅರ್ಧ ಪೌಂಡ್ ಭತ್ಯೆ. ಭತ್ಯೆಯ ಒಂದು ಭಾಗವಾಗಿ ಅವರು ಸಿಗರೇಟು ಪೊಟ್ಟಣಗಳನ್ನು ಕೇಳುತ್ತಿದ್ದರೆಂಬ ಮಾತು ಅವರ ಬಗೆಗಿನ ಬರಹಗಳಲ್ಲೆಲ್ಲ ಕಾಣಸಿಗುತ್ತದೆ.

ಅಂದಿನ ಚೆಂಡು ದಪ್ಪ ಚರ್ಮದ್ದು. ಮಳೆಯಲ್ಲಿ ನೆನೆದರೆ ಮತ್ತಷ್ಟು ಭಾರವಾಗುತ್ತಿತ್ತು. ಅಂಥ ಚೆಂಡನ್ನು ಎಡಬದಿಯ ಗೆರೆಯಂಚಿನಿಂದ ಗೋಲಿನ ಮುಂಭಾಗಕ್ಕೆ ಹಾರಿಸಿ ಒದಗಿಸುವುದೂ ದೂರದಿಂದಲೇ ಗೋಲಿಗೆ ಗುರಿಯಿಡುವುದೂ ಲಿಲಿಯವರ ವೈಶಿಷ್ಟ್ಯ. ಅವರ ಎಡಗಾಲಿನ ಹೊಡೆತಕ್ಕೆ ಗೋಲ್‌ಕೀಪರನೊಬ್ಬನ ಕೈ ಮುರಿದ ಕತೆ ಪ್ರಸಿದ್ಧವಾಗಿದೆ. ಕತೆ ಎಷ್ಟೇ ಬೆಳೆದಿರಲಿ, ಆ ಕಾಲಿನ ಬಲವನ್ನು ಎದುರಾಳಿಗಳು ಅಲ್ಲಗಳೆದಿಲ್ಲ.

1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್, ಕೆರ್ ತಂಡವು ಲಿಲಿಯವರ ಹಳೆಯ ತಂಡವಾದ ಸೇಂಟ್ ಹೆಲೆನ್ಸ್ ಅನ್ನು 4–0 ಅಂತರದಿಂದ ಸೋಲಿಸಿತು. ಪ್ರಮುಖ ಆಟಗಾರ್ತಿ ಫ್ಲೋರಿ ರೆಡ್‌ಫರ್ಡ್ ಅವರಿಗೆ ರೈಲು ತಪ್ಪಿದ್ದರಿಂದ ನಾಯಕಿ ಆಲಿಸ್ ಕೆಲ್ ದ್ವಿತೀಯಾರ್ಧದಲ್ಲಿ ಮುಂದಿನ ಸಾಲಿಗೆ ಬಂದು ಮೂರು ಗೋಲು ಹೊಡೆದರು. ಸುಮಾರು 53,000 ಪ್ರೇಕ್ಷಕರು ಒಳಗಿದ್ದರು. ಜಾಗವಿಲ್ಲದೆ ಹೊರಗೆ ಉಳಿದವರೂ ಸಾವಿರಾರು ಮಂದಿ. ಸಂಗ್ರಹವಾದ 3,000 ಪೌಂಡ್‌ಗೂ ಹೆಚ್ಚಿನ ಹಣ ದತ್ತಿಗೆ ಸಂದಿತು.

ನಿಷೇಧ

ಇದಾಗಿ ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಫುಟ್‌ಬಾಲ್ ಸಂಸ್ಥೆಯು ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರ ಪಂದ್ಯಗಳಿಗೆ ಅವಕಾಶ ಕೊಡಬಾರದೆಂದು ನಿರ್ಣಯಿಸಿತು. ಈ ಆಟ ಸ್ತ್ರೀಯರಿಗೆ ತಕ್ಕದ್ದಲ್ಲ ಎಂಬುದು ಒಂದು ಕಾರಣ. ದತ್ತಿಹಣದಲ್ಲಿ ಹೆಚ್ಚಿನ ಪಾಲು ಖರ್ಚಿಗೆ ಹೋಗುತ್ತಿದೆ ಎಂಬುದು ಇನ್ನೊಂದು. ಯುದ್ಧಕಾಲದಲ್ಲಿ ತಕ್ಕದ್ದೆನಿಸಿದ್ದ ಆಟವು ಗಂಡಸರು ಮರಳಿ ಬಂದ ಮೇಲೆ ತಕ್ಕದ್ದಲ್ಲವಾಯಿತು. ನಿಷೇಧವು ಆಟವನ್ನೇ ಅಪರಾಧವಾಗಿಸಲಿಲ್ಲ. ಆದರೆ ದೊಡ್ಡ ಕ್ರೀಡಾಂಗಣಗಳು ಕೈತಪ್ಪಿದ ಮೇಲೆ ಅಷ್ಟು ಪ್ರೇಕ್ಷಕರನ್ನು ಕೂಡಿಸಲು ಜಾಗವೇ ಇರಲಿಲ್ಲ. ಅನೇಕ ತಂಡಗಳು ಕರಗಿಹೋದವು.

ಡಿಕ್, ಕೆರ್ ತಂಡ ಮಾತ್ರ 1922ರಲ್ಲಿ ಹಡಗು ಹತ್ತಿ ಉತ್ತರ ಅಮೆರಿಕಕ್ಕೆ ಹೋಯಿತು. ಕೆನಡಾದಲ್ಲಿ ಆಡಲು ಅನುಮತಿ ಸಿಗಲಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಎದುರಾದವು ಪುರುಷರ ತಂಡಗಳು. ಅವುಗಳ ವಿರುದ್ಧ ಒಂಬತ್ತು ಪಂದ್ಯಗಳನ್ನಾಡಿ ಮೂರರಲ್ಲಿ ಗೆದ್ದು, ಮೂರನ್ನು ಸಮ ಮಾಡಿಕೊಂಡು, ಮೂರರಲ್ಲಿ ಸೋತರು.

ಶುಶ್ರೂಷಕಿ ವೃತ್ತಿ ಮತ್ತು ನಂತರದ ಆಟ

1926ರಲ್ಲಿ ಫ್ರಾಂಕ್ಲೆಂಡ್ ಕಂಪನಿಯನ್ನು ತೊರೆದ ಬಳಿಕ ತಂಡವು ಪ್ರೆಸ್ಟನ್ ಲೇಡೀಸ್ ಎಂಬ ಹೆಸರು ಪಡೆಯಿತು. ಲಿಲಿಯವರು ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ಶುಶ್ರೂಷೆಯ ತರಬೇತಿ ಪಡೆದು ನಿವೃತ್ತಿಯವರೆಗೂ ಅಲ್ಲಿಯೇ ದುಡಿದರು. ಬಿಡುವಿನಲ್ಲಿ ಆಟ ಮುಂದುವರಿಯಿತು. 1946ರಲ್ಲಿ ತಂಡದ ನಾಯಕಿಯಾದರು. 1951ರಲ್ಲಿ ಆಟದಿಂದ ನಿವೃತ್ತರಾದರು. ಅವರು ಒಟ್ಟು 900ಕ್ಕೂ ಹೆಚ್ಚು ಗೋಲು ಗಳಿಸಿದರೆಂದು ಹೇಳಲಾಗುತ್ತದೆ. ಸಂಗಾತಿ ಮೇರಿಯವರೊಡನೆ ಪ್ರೆಸ್ಟನ್ ಸಮೀಪದ ಗೂಸ್ನಾ ಗ್ರಾಮದಲ್ಲಿ ವಾಸಿಸಿದರು.

1967ರಲ್ಲಿ ಸ್ತನ ಕ್ಯಾನ್ಸರ್‌ಗಾಗಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಸಂಸ್ಥೆಯ ನಿಷೇಧ 1971ರ ಹೊತ್ತಿಗೆ ತೆರವಾದಾಗ ಲಿಲಿಯವರಿಗೆ ಅರವತ್ತೈದು ದಾಟಿತ್ತು. 1978ರಲ್ಲಿ, 73ನೆಯ ವಯಸ್ಸಿನಲ್ಲಿ ನಿಧನರಾದರು. ಸೇಂಟ್ ಹೆಲೆನ್ಸ್‌ನಲ್ಲಿ ಅವರ ಸಮಾಧಿಯಿದೆ.

ಗೌರವಗಳು

2002ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯವು ತನ್ನ ಗೌರವಪಟ್ಟಿಯನ್ನು ಆರಂಭಿಸಿದಾಗ ಅದರಲ್ಲಿ ಸ್ಥಾನ ಪಡೆದ ಏಕೈಕ ಮಹಿಳೆ ಲಿಲಿ ಪಾರ್. 2019ರಲ್ಲಿ ಮ್ಯಾಂಚೆಸ್ಟರ್‌ನಲ್ಲಿರುವ ಇದೇ ವಸ್ತುಸಂಗ್ರಹಾಲಯದಲ್ಲಿ ಅವರ ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು.