ನೋರಾ ಥಾಂಪ್ಸನ್ ಡೀನ್: ಅಳಿದ ಭಾಷೆಯ ದನಿ ಉಳಿಸಿಹೋದ ಮಹಿಳೆ

ಉನಾಮಿಯನ್ನು ಮನೆಮಾತಾಗಿ ಕಲಿತು ಬೆಳೆದವರು ಇಂದು ಯಾರೂ ಉಳಿದಿಲ್ಲ. ಆದರೂ ಆ ಭಾಷೆಯನ್ನು ಈಗಲೂ ಕಿವಿಯಾರೆ ಕೇಳಬಹುದು. ಅದಕ್ಕೆ ಮುಖ್ಯ ಕಾರಣ ನೋರಾ ಥಾಂಪ್ಸನ್ ಡೀನ್.

ಅಲ್ಗಾಂಕಿಯನ್ ಕುಟುಂಬಕ್ಕೆ ಸೇರಿದ ಉನಾಮಿ, ಅಮೆರಿಕದ ಮೂಲನಿವಾಸಿ ಲೆನಾಪೆ ಜನರ ಭಾಷೆ. ಪೂರ್ವ ಕರಾವಳಿಯ ಡೆಲವೇರ್ ನದಿ ಕಣಿವೆ ಇವರ ತವರು. ಯುರೋಪಿನಿಂದ ಬಂದ ವಲಸಿಗರು ನೆಲ ಕಿತ್ತುಕೊಳ್ಳುತ್ತಾ ಹೋದಂತೆ ಲೆನಾಪೆಗಳು ಪಶ್ಚಿಮಕ್ಕೆ ಸರಿದರು. ಒಹಾಯೊ, ಇಂಡಿಯಾನಾ, ಮಿಸೌರಿ, ಕಾನ್ಸಾಸ್ ದಾಟಿ, 1860ರ ದಶಕದ ಕೊನೆಗೆ ಹಲವರು ಇಂದಿನ ಒಕ್ಲಹೋಮಾ ಸೇರಿದರು.

ನೋರಾ ಹುಟ್ಟಿದ್ದು ಅಲ್ಲೇ, 1907ರಲ್ಲಿ. ಒಂದನ್ನೊಂದು ಸೋಕುವ ಎಲೆಗಳ ಹೆಣ್ಣು ಎಂಬುದು ಅವರ ಲೆನಾಪೆ ಹೆಸರಿನ ಅರ್ಥ. ಅವರು ಬೆಳೆಯುತ್ತಿದ್ದಂತೆ ಹೊಸ ತಲೆಮಾರು ಇಂಗ್ಲಿಷ್‌ಗೆ ಹೊರಳಿತು. ಭಾಷೆ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು.

ನೋರಾ ಕೈಕಟ್ಟಿ ಕೂರಲಿಲ್ಲ. ಆಸಕ್ತರಿಗೆ ಭಾಷೆ ಕಲಿಸಿದರು. ಪದಗಳು, ಕಥೆಗಳು, ಔಷಧಿ ಗಿಡಗಳು, ಹಳೆಯ ಆಚರಣೆಗಳ ವಿವರವನ್ನು ಭಾಷಾತಜ್ಞರಿಗೆ ತಿಳಿಸಿದರು. ಟೇಪ್ ರೆಕಾರ್ಡರ್‌ ಮುಂದೆ ಕುಳಿತು ಪದಗಳನ್ನು ಉಚ್ಚರಿಸಿ ದಾಖಲಿಸಿದರು.

1984ರಲ್ಲಿ ಅವರು ನಿಧನರಾದರು. ಉನಾಮಿಯನ್ನು ನಿರರ್ಗಳವಾಗಿ ಆಡಬಲ್ಲ ಕೊನೆಯ ವ್ಯಕ್ತಿಯಾಗಿದ್ದ ಅವರ ಸಹೋದರ ಎಡ್ವರ್ಡ್ ಥಾಂಪ್ಸನ್ 2002ರಲ್ಲಿ ತೀರಿಕೊಂಡರು. ಒಕ್ಲಹೋಮಾದ ಡೆಲವೇರ್ ಬುಡಕಟ್ಟು ರೂಪಿಸಿದ ಆನ್‌ಲೈನ್ ನಿಘಂಟಿನಲ್ಲಿ ಇಂದಿಗೂ ನೋರಾ ಅವರ ದನಿ ಇದೆ. ತಾತ ಮುತ್ತಾತಂದಿರ ಮಾತನ್ನು ಮತ್ತೆ ಕಲಿಯಲು ಹೊರಟ ಲೆನಾಪೆ ಯುವಜನರು ಉಚ್ಚಾರಣೆ ತಿದ್ದಿಕೊಳ್ಳುವುದು ಆ ದನಿ ಕೇಳಿಯೇ.